ಆಮೆನ್ ಇಲ್ಲದ ನಡವಳಿ

ಆ ಭಾನುವಾರ ನಮ್ಮ ದೇವಾಲಯದಲ್ಲಿ ಮೊದಲು ಮುರಿದದ್ದು ಒಂದು ಮೂಗು, ಆಮೇಲೆ ಒಂದು ಬೆಂಚು, ಕೊನೆಗೆ ಒಂದು ಪುಸ್ತಕ. ಮೂಗು ಕೀರ್ತನೆ ಎತ್ತಿಕೊಡುವ ಮೇಷ್ಟರದ್ದು. ಹಾಡಿಗೆ ಆರ್ಗನ್ ಬೇಕು ಅನ್ನುವವರದು ಒಂದು ಗುಂಪು, ದೇವರು ಬಾಯಿ ಕೊಟ್ಟಿರುವಾಗ ಪೆಟ್ಟಿಗೆ ಯಾಕೆ ಅನ್ನುವವರದು ಇನ್ನೊಂದು. ಈ ವಿಷಯವನ್ನು ಹಿಂದಿನವರು ಎಂದೋ ತೀರ್ಮಾನಿಸಿದ್ದಾರೆ, ನಡವಳಿ ಪುಸ್ತಕದಲ್ಲಿ ಬರೆದಿದೆ ಎಂದು ಎರಡೂ ಗುಂಪಿನವರು ಕೂಗಾಡಿದರು. ಕಪಾಟಿನಿಂದ ಪುಸ್ತಕ ತಂದರು. ತಂದದ್ದು ಒಂದು, ಎಳೆದವರು ಹದಿನಾಲ್ಕು ಜನ. ಪುಸ್ತಕದ ಬೆನ್ನು ಮುರಿದ ಸದ್ದು ಮೇಷ್ಟರ ಮೂಗಿನ ಸದ್ದಿಗಿಂತ ಜೋರಾಗಿತ್ತು. ನಾನು ಬೈಂಡರ್, ನನಗೆ ಪುಸ್ತಕದ್ದೇ ಹೆಚ್ಚು ನೋವಾಯಿತು.

ನಮ್ಮದು ಪ್ರೆಸ್ಬಿಟೇರಿಯನ್ ಸಭೆ. ನಮಗೆ ಬಿಷಪ್ಪರಿಲ್ಲ. ಜನರೇ ಆರಿಸಿದ ಹಿರಿಯರು ಪಾದ್ರಿಗಳ ಜೊತೆ ಕೂತು ಎಲ್ಲವನ್ನೂ ನಿರ್ಣಯಿಸುತ್ತಾರೆ, ನಿರ್ಣಯಿಸಿದ್ದನ್ನೆಲ್ಲ ಬರೆದಿಡುತ್ತಾರೆ. ಹಾಗೆ ಬರೆದಿಟ್ಟ ನಡವಳಿ ಪುಸ್ತಕಗಳೇ ಹದಿನೇಳು. ಜೊತೆಗೆ ಕೈಬರಹದ ಪ್ರಸಂಗಗಳು, ಮಕ್ಕಳಿಗೆ ಬಾಯಿಪಾಠ ಮಾಡಿಸುವ ಪ್ರಶ್ನೋತ್ತರಗಳು, ದೇವರು ಯಾರನ್ನು ಮೊದಲೇ ಆರಿಸಿಕೊಂಡಿದ್ದಾನೆ ಅನ್ನುವುದರ ಮೇಲೆ ಇನ್ನೂರು ಪುಟದ ವಾದ. ಎಲ್ಲವನ್ನೂ ರಿಪೇರಿ ಮಾಡಿಸಿ ಕಳಿಸಿ, ಒಂದೊಂದು ಪುಟವನ್ನೂ ಫೋಟೋ ತೆಗೆದು ಭದ್ರಪಡಿಸುತ್ತೇವೆ ಎಂದು ಮೇಲ್ಸಭೆಯಿಂದ ಕಾಗದ ಬಂದಿತ್ತು. ಕೆಲಸ ನನ್ನ ಪಾಲಿಗೆ ಬಂತು. ಓದುತ್ತಾ ಹೊಲಿಯುವುದು ನನ್ನ ಚಾಳಿ. ಒಂದು ಕೋಳಿಗಾಗಿ ಜುಟ್ಟು ಹಿಡಿದು ಬಡಿದಾಡಿದ ಇಬ್ಬರು ಹೆಂಗಸರನ್ನು ಹಿರಿಯರು ಮೂರು ಸಲ ಕೂತು ರಾಜಿ ಮಾಡಿಸಿದ್ದು, ವಿಶ್ರಾಂತಿ ದಿನದಲ್ಲಿ ಅಂಗಡಿ ತೆರೆದವನಿಗೆ ಛೀಮಾರಿ ಹಾಕಿದ್ದು, ಎಲ್ಲ ಅದರಲ್ಲಿತ್ತು. ದೇವರ ಹೆಸರಿನಲ್ಲಿ ಮನುಷ್ಯರು ಎಷ್ಟು ಜಗಳ ಆಡಬಲ್ಲರು ಎಂದು ತಿಳಿಯಬೇಕಾದವರು ನನ್ನ ಅಂಗಡಿಗೆ ಬರಲಿ.

ಹರಿದ ಪುಸ್ತಕ ತಂದುಕೊಟ್ಟವನು ನನ್ನ ಮಾವ. ಅಪ್ಪನ ತಂಗಿಯ ಗಂಡ, ಸಭೆಯ ಹಿರಿಯ. ಪೇಟೆಯಲ್ಲಿ ಕಬ್ಬಿಣದ ಅಂಗಡಿ ಇಟ್ಟಿದ್ದಾನೆ, ಅದಕ್ಕೇ ಎಲ್ಲರ ಬಾಯಲ್ಲೂ ಅವನು ಕಬ್ಬಿಣದ ಹಿರಿಯ. ನನ್ನ ಅತ್ತೆ, ಅಂದರೆ ಅವನ ಮೊದಲ ಹೆಂಡತಿ, ನಾನು ಆರು ವರ್ಷದವಳಿದ್ದಾಗಲೇ ಮಹಡಿಯ ಮೆಟ್ಟಿಲಿನಿಂದ ಬಿದ್ದು ಸತ್ತಳು. ಅವನು ಇನ್ನೊಂದು ಮದುವೆಯಾದ, ಒಬ್ಬ ಮಗನೂ ಹುಟ್ಟಿದ. ಆದರೂ ನಮಗೆ ಮಾವ ಮಾವನೇ. ವಯಸ್ಸು ಎಪ್ಪತ್ತೈದಾದರೂ ಅವನ ಹಿಡಿತ ಇಕ್ಕಳದ ಹಿಡಿತ.

“ಬೆನ್ನು ಮಾತ್ರ ಹೊಲಿ. ಓದೋಕೆ ಹೋಗ್ಬೇಡ,” ಅಂದ.

“ಓದದೆ ಪುಟ ಜೋಡಿಸೋದು ಹೇಗೆ ಮಾವ?”

“ನಂಬರ್ ಇದೆಯಲ್ಲ. ನೂರಾ ಹನ್ನೊಂದನೇ ಪುಟದ ಹತ್ರ ಎರಡು ಹಾಳೆ ಅಂಟ್ಕೊಂಡಿವೆ. ಶಾಯಿ ಚೆಲ್ಲಿ ಹಾಳಾಗಿದ್ದು. ಅದನ್ನ ಹಾಗೇ ಬಿಡು.”

ಆ ಹಾಳೆಗಳ ಸುದ್ದಿಯನ್ನು ನಾನು ಎತ್ತಿಯೇ ಇರಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರೆ. ಇವನು ಯಾರೂ ಏನೂ ಅನ್ನದೆಯೇ ಮುಟ್ಟಿ ನೋಡಿಕೊಂಡ.

ಇಲ್ಲಿ ಅಪ್ಪನ ವಿಷಯ ಹೇಳಬೇಕು. ಆ ಕಾಲದಲ್ಲಿ ಅಪ್ಪ ಹಿರಿಯರಲ್ಲೊಬ್ಬರು, ಸಭೆಯ ಗುಮಾಸ್ತರೂ ಹೌದು. ನಡವಳಿ ಬರೆಯುತ್ತಿದ್ದವರು ಅವರೇ. ನಲವತ್ತೊಂದು ವರ್ಷದ ಹಿಂದೆ ಅವರ ಬಲಗಣ್ಣು ಹೋಯಿತು. ಕುಡಿದು ಕಪಾಟಿನ ಮೂಲೆಗೆ ಬಿದ್ದದ್ದೇ ಕಾರಣ ಎಂದು ಉಳಿದ ಹಿರಿಯರು ತೀರ್ಪು ಕೊಟ್ಟು ಅವರನ್ನು ಕರ್ತನ ಭೋಜನದಿಂದ ತಡೆದರು. ಮೂರು ತಿಂಗಳಿಗೊಮ್ಮೆ ಎಲ್ಲರೂ ಮುಂದೆ ಹೋಗಿ ಉದ್ದ ಮೇಜಿನ ಸುತ್ತ ಕೂತು ರೊಟ್ಟಿ ಮುರಿಯುವಾಗ ಇವರು ಹಿಂದಿನ ಬೆಂಚಿನಲ್ಲಿ ಕೂತು ನೋಡಬೇಕು. ತಪ್ಪು ಒಪ್ಪಿಕೊಂಡ ದಿನ ತಡೆ ತೆಗೆಯುತ್ತಾರೆ. ಅಪ್ಪ ಒಂದು ಹನಿಯೂ ಕುಡಿದವರಲ್ಲ, ಹಾಗಾಗಿ ಒಪ್ಪಿಕೊಳ್ಳಲಿಲ್ಲ. ನಿಜ ಏನೆಂದು ಹೇಳಲೂ ಇಲ್ಲ. ಯಾರು ಕೇಳಿದರೂ ಒಂದೇ ಉತ್ತರ: “ಸಭೆ ಮುಗಿದಿಲ್ಲ.” ಅಮ್ಮ ಕೇಳಿ ಕೇಳಿ ಸತ್ತಳು. ನಾನು ಒಮ್ಮೆ ಸಿಟ್ಟು ನೆತ್ತಿಗೇರಿ ಊಟದ ತಟ್ಟೆಯನ್ನೇ ಗೋಡೆಗೆ ಬೀಸಿದ್ದೆ, ಆಗಲೂ ಅದೇ ಉತ್ತರ.

ಈಗ ಅಪ್ಪನಿಗೆ ಎಪ್ಪತ್ತೊಂಬತ್ತು. ನನ್ನ ಜೊತೆ, ಅಂಗಡಿಯ ಹಿಂದಿನ ಎರಡು ಕೋಣೆಗಳಲ್ಲಿ ಇದ್ದರು. ಎದೆಯಲ್ಲಿ ನೀರು ತುಂಬಿಕೊಳ್ಳುತ್ತಿತ್ತು, ಇನ್ನು ಹೆಚ್ಚು ದಿನ ಇಲ್ಲ ಎಂದು ಡಾಕ್ಟರು ಹೇಳಿಬಿಟ್ಟಿದ್ದರು. ಸಾಯುವುದರೊಳಗೆ ಅವರು ಒಂದೇ ಒಂದು ಸಲ ಆ ಮೇಜಿನಲ್ಲಿ ಕೂರಬೇಕು ಅನ್ನುವುದು ನನ್ನ ಹಟ. ಭೋಜನದ ಭಾನುವಾರ ಎರಡು ವಾರ ದೂರದಲ್ಲಿತ್ತು.

ಮಾವ ಹೋದ ಮೇಲೆ ನಾನು ಮೊದಲು ಮಾಡಿದ ಕೆಲಸವೇ ಆ ಹಾಳೆಗಳನ್ನು ಬಿಡಿಸುವುದು. ಅಂಟಿಸಿದ ಪುಣ್ಯಾತ್ಮ ಮೈದಾ ಗಂಜಿ ಹಚ್ಚಿದ್ದ, ಅಷ್ಟರಮಟ್ಟಿಗೆ ನನ್ನ ಅದೃಷ್ಟ. ಹಾಳೆಗಳ ಮೇಲೂ ಕೆಳಗೂ ಒದ್ದೆ ಬ್ಲಾಟಿಂಗ್ ಕಾಗದ ಇಟ್ಟು, ಶಾಯಿ ಹರಡದಷ್ಟೇ ತೇವ ಕೊಟ್ಟು, ಮೂಳೆಯ ಚಪ್ಪಟೆ ಕಡ್ಡಿಯನ್ನು ಅಂಚಿನಿಂದ ತೂರಿಸಿದೆ. ಅರ್ಧ ದಿನ ಹಿಡಿಯಿತು. ಒಳಗಿದ್ದದ್ದು ಅಪ್ಪನ ಕೈಬರಹ.

ಪ್ರಾರ್ಥನೆಯೊಂದಿಗೆ ಸಭೆ ಆರಂಭವಾಯಿತು ಎಂದು ಮೊದಲ ಸಾಲು. ಪಾದ್ರಿಗಳು ಮತ್ತು ನಾಲ್ವರು ಹಿರಿಯರು ಹಾಜರು ಎಂದು ಎರಡನೆಯದು. ಆಮೇಲೆ ದೂರು. ಕೊಟ್ಟವಳು ನನ್ನ ಅತ್ತೆ, ತನ್ನ ಗಂಡನ ಮೇಲೆ. ‘ಸಲಾಕೆಯಿಂದ ಹೊಡೆದು ಎಡಗೈ ಮೂಳೆ ಮುರಿದಿದ್ದಾನೆ. ಮಹಡಿಯಿಂದ ತಳ್ಳಿ ಕೊಲ್ಲುವುದಾಗಿ ಎರಡು ಸಲ ಹೇಳಿದ್ದಾನೆ. ದೂರುದಾರಳು ಸಭೆಯ ಮುಂದೆ ಕೈ ತೋರಿಸಿದಳು. ಆರೋಪಿಯನ್ನು ಈ ಬಗ್ಗೆ ಕೇಳಲಾಗಿ ಆತನು ಎದ್ದು, ಸಭೆಯ ಕಬ್ಬಿಣದ ಮುದ್ರೆಯನ್ನು ಎತ್ತಿಕೊಂಡು’ ಅನ್ನುವಲ್ಲಿಗೆ ಬರಹ ನಿಂತಿತ್ತು. ಕೊನೆಯ ಅಕ್ಷರದಿಂದ ಪೆನ್ನಿನ ಗೆರೆ ಕೆಳಗೆ ಪುಟದ ಅಂಚಿನವರೆಗೂ ಜಾರಿತ್ತು. ಎದುರು ಪುಟದ ತುಂಬ ಕಂದು ಕಲೆ. ಮೂವತ್ತು ವರ್ಷದಿಂದ ಶಾಯಿಯ ಕಲೆ ನೋಡಿದವಳು ನಾನು, ಅದು ಶಾಯಿಯಲ್ಲ.

ಹಾಳೆ ಹರಿದರೆ ಪುಟದ ನಂಬರು ತಪ್ಪುತ್ತದೆ, ಮೇಲ್ಸಭೆಯವರು ಕೇಳುತ್ತಾರೆ. ಅದಕ್ಕೇ ಅಂಟಿಸಿದ್ದರು. ಆಮೇಲೆ ಬೈಂಡರಿನ ಕಣ್ಣಿಗೆ ಇನ್ನೊಂದು ಕಂಡಿತು. ನಮ್ಮ ಪ್ರತಿಯೊಂದು ನಡವಳಿಯೂ ‘ಪ್ರಾರ್ಥನೆಯೊಂದಿಗೆ ಸಭೆ ಮುಗಿಯಿತು, ಆಮೆನ್’ ಎಂದೇ ಕೊನೆಯಾಗುತ್ತದೆ. ಇದರಲ್ಲಿ ಅದು ಇರಲಿಲ್ಲ. ನಡವಳಿ ಓದಿ, ಒಪ್ಪಿ, ಆಮೆನ್ ಅನ್ನುವ ತನಕ ಒಳಗೆ ಆಡಿದ್ದನ್ನು ಹೊರಗೆ ಆಡಬಾರದು ಎಂದು ಹಿರಿಯರು ಪ್ರಮಾಣ ಮಾಡಿರುತ್ತಾರೆ. ಅಪ್ಪ ನಲವತ್ತೊಂದು ವರ್ಷದಿಂದ ಹುಚ್ಚುಹುಚ್ಚಾಗಿ ಏನೋ ಗೊಣಗಿದ್ದಲ್ಲ. ಅವರ ಪಾಲಿಗೆ ಆ ಸಭೆ ಇನ್ನೂ ನಡೆಯುತ್ತಲೇ ಇತ್ತು! ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಹೆಮ್ಮೆಯಂತೂ ಆಯಿತು, ಸುಳ್ಳು ಯಾಕೆ ಹೇಳಲಿ.

ಹಾಳೆ ಹಿಡಿದುಕೊಂಡು ಪಾದ್ರಿಗಳ ಮನೆಗೆ ಓಡಿದೆ. ನಮ್ಮ ಪಾದ್ರಿಗಳು ಹೊಸಬರು, ಚಿಕ್ಕ ವಯಸ್ಸು, ಎದುರಿನವರು ಕೆಮ್ಮಿದರೂ ಬೆಚ್ಚುತ್ತಾರೆ. ಆದರೆ ಕಟ್ಟಳೆಯ ಪುಸ್ತಕ ಕೈಯಲ್ಲಿದ್ದರೆ ಹುಲಿ.

“ಪಾದ್ರಿಗಳ ಜೊತೆ ಇಬ್ಬರು ಹಿರಿಯರಿದ್ರೆ ಕೋರಂ ಆಗುತ್ತೆ,” ಅಂದರು. “ಅವತ್ತಿನ ಹಿರಿಯರಲ್ಲಿ ನಿಮ್ಮ ತಂದೆ, ನಿಮ್ಮ ಮಾವ ಇಬ್ಬರೂ ಇನ್ನೂ ಬದುಕಿದ್ದಾರೆ. ನಾನು ಅಧ್ಯಕ್ಷ. ನಿಂತ ಸಭೆನ ಮುಂದುವರಿಸಿ, ಓದಿ, ಮುಗಿಸ್ಬಹುದು. ಆಮೇಲೆ ಆ ಕುಡಿತದ ತೀರ್ಪು ನಿಲ್ಲಲ್ಲ.”

ಮನೆಗೆ ಬಂದು ಹೇಳಿದಾಗ ಅಪ್ಪ ಕುಣಿಯುತ್ತಾರೆ ಅಂದುಕೊಂಡಿದ್ದೆ. ಅವರ ಮುಖ ಸುಣ್ಣದಂತಾಯಿತು.

“ಬೇಡ ಪುಟ್ಟಿ. ಅಂಟಿದ್ದು ಅಂಟ್ಕೊಂಡೇ ಇರ್ಲಿ.”

“ನಿಮ್ಮ ದೊಡ್ಡತನ ಸಾಕು ಅಪ್ಪ. ಭಾನುವಾರ ನೀವು ಮೇಜಿಗೆ ಕೂರ್ತೀರಿ, ನಾನು ನೋಡ್ತೀನಿ.”

ಪಾದ್ರಿಗಳು ಕಟ್ಟಳೆಯಂತೆ ಮಾವನಿಗೂ ನೋಟೀಸು ಕಳಿಸಿದರು. ಗುರುವಾರ ಮಧ್ಯಾಹ್ನ ಅವನು ಮಗನನ್ನು ಕರೆದುಕೊಂಡು ಅಂಗಡಿಗೆ ನುಗ್ಗಿದ. ಮಗ ಮೂವತ್ತೆಂಟರ ದಾಂಡಿಗ, ನಾನು ಅವನನ್ನು ಮರಿಕಬ್ಬಿಣ ಅನ್ನುತ್ತೇನೆ. ಬಾಗಿಲಿನ ಚಿಲಕ ಹಾಕಿದವನು ಅವನೇ.

“ಹಾಳೆ ಎಲ್ಲಿ?” ಅಂದ ಮಾವ.

“ಪ್ರೆಸ್ಸಲ್ಲಿದೆ. ಒಣಗ್ತಾ ಇದೆ.”

“ತೆಗಿ.”

“ಅತ್ತೇನ ತಳ್ಳಿದ್ದು ನೀನೇನಾ?” ಅಂತ ಕೇಳಿಬಿಟ್ಟೆ. ಕೇಳುವ ತನಕ ಅದು ನನ್ನ ತಲೆಯಲ್ಲಿ ಇತ್ತು ಅನ್ನುವುದು ನನಗೇ ಗೊತ್ತಿರಲಿಲ್ಲ.

ಅವನು ನನ್ನ ಬಾಯಿಗೆ ಗುದ್ದಿದ. ಒಂದು ಹಲ್ಲು ನಾಲಿಗೆಯ ಮೇಲೆ ಬಂದು ಕೂತಿತು. ನನ್ನ ಪ್ರೆಸ್ಸಿಗೆ ಮೇಲೆ ಚಕ್ರ, ನಡುವೆ ದಪ್ಪ ತಿರುಪು, ಕೆಳಗೆ ಎರಡು ಕಬ್ಬಿಣದ ಹಲಗೆ. ಅವನು ಚಕ್ರ ಸಡಿಲಿಸಿ ಹಲಗೆಯನ್ನು ಎತ್ತುತ್ತಿದ್ದಂತೆ ನಾನು ಬಲಗೈಯನ್ನು ಒಳಗೆ ತೂರಿಸಿ ಹಾಳೆಯ ಮೇಲೆ ಊರಿದೆ. ಮರಿಕಬ್ಬಿಣ ನನ್ನ ಮುಂಗೈಯನ್ನು ಎರಡೂ ಕೈಯಿಂದ ಅಲ್ಲೇ ಅದುಮಿ ಹಿಡಿದ. ಮಾವ ನನ್ನ ಮುಖ ನೋಡಿದ, ಆಮೇಲೆ ಚಕ್ರವನ್ನು ತಿರುಗಿಸಿದ, ಬಿಗಿಯಾಗುವ ಕಡೆಗೆ.

“ಕೈ ತೆಗೀತೀನಿ ಅನ್ನು, ಬಿಡ್ತೀನಿ.”

ನಾನು ಅನ್ನಲಿಲ್ಲ. ಅವನು ಇನ್ನೊಂದು ಸುತ್ತು ಕೊಟ್ಟ. ಕಿರುಬೆರಳು ಮೊದಲು ಹೋಯಿತು, ಒಣ ಕಡ್ಡಿ ಮುರಿದ ಸದ್ದು. ನಾನು ಮರಿಕಬ್ಬಿಣದ ಕಿವಿಗೆ ಹಲ್ಲು ಹಾಕಿ ಜಗ್ಗಿದೆ, ಬಾಯಿ ತುಂಬ ರಕ್ತ ಬಂತು, ನನ್ನದೆಷ್ಟು ಅವನದೆಷ್ಟು ಗೊತ್ತಿಲ್ಲ. ಅವನು ಅರಚಿದ, ಆದರೂ ಹಿಡಿತ ಬಿಡಲಿಲ್ಲ. ಆಗ ಒಳಬಾಗಿಲ ಹತ್ತಿರ ಅಪ್ಪ ಕಂಡರು. ಪರದೆಯನ್ನು ಮುಷ್ಟಿಯಲ್ಲಿ ಹಿಡಿದು ನಿಂತಿದ್ದರು. ಇದ್ದ ಒಂದು ಕಣ್ಣು ನನ್ನ ಕೈಯ ಮೇಲಿತ್ತು.

“ಅಪ್ಪಾ, ಕೂಗಿ! ಯಾರನ್ನಾದ್ರೂ ಕರೀರಿ!”

ಅವರ ಬಾಯಿ ತೆರೆದಿತ್ತು. ಸದ್ದು ಬರಲಿಲ್ಲ. ಮಾವ ಅವರ ಕಡೆ ತಿರುಗಿ ನೋಡಿ, ಗೋಡೆಯ ಕಡೆ ನೋಡಿದಷ್ಟೇ ನಿಶ್ಚಿಂತೆಯಿಂದ ಮೂರನೇ ಸುತ್ತು ಕೊಟ್ಟ. ನನಗೆ ಆ ನೋವಿನಲ್ಲೂ ಅಪ್ಪನ ಮೇಲೆ ಹುಟ್ಟಿದ ಕೋಪ ನೆನಪಿದೆ.

ನನ್ನ ಕೂಗು ಕೇಳಿ ಬಂದವನು ಪಕ್ಕದ ಅಂಗಡಿಯ ದರ್ಜಿ. ಇಸ್ತ್ರಿಪೆಟ್ಟಿಗೆಯಿಂದ ಗಾಜು ಒಡೆದು, ಅದೇ ಪೆಟ್ಟಿಗೆಯನ್ನು ಮರಿಕಬ್ಬಿಣದ ಬೆನ್ನಿಗೆ ಬಡಿದ. ಅದು ಬಿಸಿಯಾಗಿಯೇ ಇತ್ತು ಎಂದು ಆಮೇಲೆ ಬಹಳ ಸಂತೋಷದಿಂದ ಹೇಳಿದ. ಮಾವನೂ ಅವನ ಮಗನೂ ಓಡಿದರು. ತಾನೇ ಬಿಗಿದ ಪ್ರೆಸ್ಸಿನಿಂದ ಹಾಳೆ ತೆಗೆಯಲು ಮಾವನಿಗೆ ಪುರುಸೊತ್ತು ಸಿಗಲಿಲ್ಲ.

ಆಸ್ಪತ್ರೆಯಲ್ಲಿ ಎರಡು ಬೆರಳು ತೆಗೆದರು.

“ಈಗ್ಲೇ ಪೊಲೀಸ್‌ ಹತ್ರ ಹೋಗೋಣ, ಬೈಂಡರಮ್ಮ,” ಅಂದ ದರ್ಜಿ.

“ಈಗ ಹೋದ್ರೆ ಪುಸ್ತಕಾನ ಸಾಕ್ಷಿ ಅಂತ ಎತ್ಕೊಂಡು ಹೋಗ್ತಾರೆ. ಭಾನುವಾರ ಅಪ್ಪ ಮೇಜಿಗೆ ಕೂರ್ಲಿ. ಆಮೇಲೆ ಹೋಗೋಣ.”

“ನಿಮ್ಮ ಮನೆಯವರಿಗೆಲ್ಲ ತಲೆ ಕೆಟ್ಟಿದೆ,” ಅಂದ ಅವನು.

ಭಾನುವಾರ ಬಂತು. ಮಾವನೂ ಬಂದ, ಮೊದಲ ಸಾಲಿನಲ್ಲೇ ಕೂತ. ತಲೆ ತಪ್ಪಿಸಿಕೊಂಡರೆ ತಪ್ಪು ಒಪ್ಪಿಕೊಂಡಂತೆ ಎಂದು ಅವನ ಲೆಕ್ಕ. ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ ರೊಟ್ಟಿ, ದ್ರಾಕ್ಷಾರಸ ಇಟ್ಟಿದ್ದರು. ಪಾದ್ರಿಗಳು ಎದ್ದು, ನಲವತ್ತೊಂದು ವರ್ಷದ ಹಿಂದೆ ನಿಂತ ಸಭೆಯನ್ನು ಮುಂದುವರಿಸುವುದಾಗಿ ಹೇಳಿ ಹಾಳೆ ಓದಿದರು. ಸಲಾಕೆಯ ಸಾಲು ಬಂದಾಗ ಹೆಂಗಸರ ಕಡೆಯಿಂದ ಒಂದು ನರಳಿಕೆ ಕೇಳಿಸಿತು. ಇದು ನಿಜವಾದ ನಡವಳಿಯೇ ಎಂದು ಪಾದ್ರಿಗಳು ಕೇಳಿದರು.

“ಹೌದು,” ಅಂದರು ಹಿಂದಿನ ಬೆಂಚಿನಿಂದ ಅಪ್ಪ.

ಮಾವ ಉತ್ತರ ಕೊಟ್ಟದ್ದು ಮುಷ್ಟಿಯಿಂದ. ಪಾದ್ರಿಗಳ ದವಡೆಗೆ ಹೊಡೆದು ಹಾಳೆಗೆ ಕೈ ಹಾಕಿದ. ಮೂಗಿಗೆ ಪಟ್ಟಿ ಹಾಕಿದ್ದ ಕೀರ್ತನೆಯ ಮೇಷ್ಟರು ಅವನ ಕಾಲಿಗೆ ಬಿದ್ದು ಕೆಡವಿದರು, ಆರ್ಗನ್ ಗುಂಪಿನ ಒಬ್ಬ ಎದೆಯ ಮೇಲೆ ಕೂತ. ಹದಿನೈದು ದಿನದಿಂದ ಒಬ್ಬರ ಮುಖ ಒಬ್ಬರು ನೋಡದವರು ಅಂದು ಒಟ್ಟಿಗೆ ಸೇರಿ ಒದ್ದರು. ತಂದೆಯ ನೆರವಿಗೆ ಧಾವಿಸಿದ ಮರಿಕಬ್ಬಿಣದ ತಲೆಗೆ ಮುರಿದ ಬೆಂಚಿನ ಹಲಗೆ ಬಿತ್ತು, ಅವನು ಅಲ್ಲೇ ಕುಸಿದ. ಮಾವನ ಹುಬ್ಬು ಸೀಳಿತು, ಪಕ್ಕೆಲುಬು ಮುರಿದದ್ದು ನನಗೂ ಕೇಳಿಸಿತು. ನನಗೆ ತೃಪ್ತಿಯಾಯಿತು. ದೇವರ ಮನೆಯಲ್ಲಿ ನಿಂತು ಹೇಳುತ್ತಿದ್ದೇನೆ, ತೃಪ್ತಿಯಾಯಿತು. ಯಾರೋ ಅವನನ್ನು ಬಾಗಿಲಿಗೆ ಎಳೆಯತೊಡಗಿದರು.

“ಹೊರಗೆ ಹಾಕ್ಬೇಡಿ! ಕೋರಂ ಹೋಗುತ್ತೆ!” ಎಂದು ಪಾದ್ರಿಗಳು ರಕ್ತ ಉಗುಳುತ್ತಾ ಕಿರುಚಿದರು.

ನಾಲ್ಕು ಜನ ಅವನ ಮೇಲೆ ಕೂತರು. ಪಾದ್ರಿಗಳು ಮೇಜನ್ನು ಹಿಡಿದುಕೊಂಡು ಪ್ರಾರ್ಥನೆ ಮಾಡಿದರು. ಅಷ್ಟು ಚಿಕ್ಕ ಪ್ರಾರ್ಥನೆಯನ್ನು ನಮ್ಮ ಸಭೆ ಹಿಂದೆಂದೂ ಕೇಳಿರಲಿಲ್ಲ. ಎಲ್ಲರೂ ಆಮೆನ್ ಅಂದರು. ದರ್ಜಿ ಮೊದಲೇ ಕರೆದು ನಿಲ್ಲಿಸಿದ್ದ ಪೊಲೀಸರು ಒಳಗೆ ಬಂದು ಇಬ್ಬರನ್ನೂ ಎತ್ತಿಕೊಂಡು ಹೋದರು.

ಆಗ ಅಪ್ಪ ಎದ್ದು ನಿಂತರು.

“ಈಗ ಹೇಳ್ಬಹುದು,” ಅಂದರು. “ಕಣ್ಣು ಹೋದ ಮಾರನೇ ದಿನ ನನ್ನ ತಂಗಿ ಆಸ್ಪತ್ರೆಗೆ ಬಂದ್ಲು. ‘ಅಣ್ಣಾ, ಪೊಲೀಸ್‌ನೋರಿಗೆ ನೀನು ನೋಡಿದ್ದನ್ನ ಹೇಳು, ಅಷ್ಟೇ ಸಾಕು. ಇಲ್ದಿದ್ರೆ ಅವನು ನನ್ನ ಬದುಕೋಕೆ ಬಿಡಲ್ಲ’ ಅಂದ್ಲು. ಸಭೆ ಮುಗಿಯೋ ತನಕ ಹೊರಗೆ ಹೇಳೋ ಹಾಗಿಲ್ಲ, ಪ್ರಮಾಣ ಮಾಡಿದೀನಿ ಅಂದೆ. ಒಂದೇ ಕೈಯಲ್ಲಿ ನನ್ನ ಕಾಲು ಹಿಡ್ಕೊಂಡ್ಲು. ಇನ್ನೊಂದು ಕೈ ಮುರಿದಿತ್ತಲ್ಲ. ಮನೆಗೆ ಹೋಗು, ಮುಂದಿನ ವಾರ ಸಭೆ ಕೂರುತ್ತೆ, ಎಲ್ಲ ಸರಿಯಾಗುತ್ತೆ ಅಂದೆ. ನಾನೇ ಕಳಿಸ್ದೆ. ಮೂರನೇ ದಿನ ಮೆಟ್ಟಿಲಿಂದ ಬಿದ್ಲು ಅಂತ ಸುದ್ದಿ ಬಂತು.”

ಅಪ್ಪ ಬೆಂಚಿನ ಬೆನ್ನು ಹಿಡಿದುಕೊಂಡರು.

“ಕುಡುಕ ಅಂದಿದ್ದು ಸುಳ್ಳು. ಆದ್ರೆ ಮೇಜಿಂದ ತಡೆದಿದ್ದು ಸರಿ ಅನ್ನಿಸ್ತು. ಅದಕ್ಕೇ ಸುಮ್ನಿದ್ದೆ. ಮೊನ್ನೆ ಮಗಳ ಕೈ ಪ್ರೆಸ್ಸಲ್ಲಿ ನುರೀತಾ ಇರೋವಾಗ್ಲೂ ನನಗೆ ಬಾಯಿ ಬರ್ಲಿಲ್ಲ. ಇದನ್ನೂ ನಡವಳೀಲಿ ಬರ್ಕೊಳ್ಳಿ, ಪಾಸ್ಟರ್. ಬಿಡದೆ ಬರ್ಕೊಳ್ಳಿ.”

ಪಾದ್ರಿಗಳು ಕರವಸ್ತ್ರದಿಂದ ಬಾಯಿ ಒರೆಸಿಕೊಂಡರು. ತಪ್ಪು ಒಪ್ಪಿಕೊಂಡವರಿಗೆ ತಡೆ ಇಲ್ಲ, ಅದು ಕಟ್ಟಳೆ ಅಂದರು. ಮೇಜಿನ ಬಳಿ ಒಂದು ಕುರ್ಚಿ ಎಳೆದಿಟ್ಟು ಅಪ್ಪನ ಕಡೆ ನೋಡಿದರು. ಅಪ್ಪ ಹೊರಟರು. ಒಂದೊಂದು ಬೆಂಚಿಗೂ ಕೈ ಊರಿ ನಿಂತು, ಉಸಿರು ತೆಗೆದುಕೊಂಡು ನಡೆದರು. ಅವರ ಮುಖದಲ್ಲಿ ಆಸೆ ಇತ್ತು. ನಾನು ಹದಿನೈದು ದಿನದಿಂದ ಕಾಯುತ್ತಿದ್ದದ್ದು, ಎರಡು ಬೆರಳು ಕೊಟ್ಟದ್ದು ಅದನ್ನು ನೋಡುವುದಕ್ಕೇ.

ನನ್ನ ಬೆಂಚಿನ ಹತ್ತಿರ ಬಂದಾಗ ನಾನು ಎದ್ದೆ. ಎಡಗೈ ಬೀಸಿ ಅವರ ಕೆನ್ನೆಗೆ ಹೊಡೆದೆ. ಎಪ್ಪತ್ತೊಂಬತ್ತರ ಮುದುಕನಿಗೆ, ಇಡೀ ಸಭೆಯ ಮುಂದೆ, ಹೆತ್ತ ಅಪ್ಪನಿಗೆ.

“ಇನ್ನೊಂದು ಹೊಡಿ ಪುಟ್ಟಿ,” ಅಂದರು.

ಹೊಡೆದೆ. ಅವರ ತುಟಿ ಒಡೆಯಿತು. ನನಗೆ ಅತ್ತೆಯ ಮುಖ ನೆನಪಿಲ್ಲ, ನನ್ನ ಜಡೆ ಹೆಣೆಯುತ್ತಿದ್ದ ಅವಳ ಕೈಗಳು ಮಾತ್ರ ನೆನಪಿವೆ. ಆ ಕೈಗಳಲ್ಲಿ ಒಂದು ಮುರಿದು ಜೋತಾಡುತ್ತಿರುವಾಗ ಇವರು ಅವಳನ್ನು ಮನೆಗೆ ಕಳಿಸಿದ್ದರು.

“ಮೇಜಿಗೆ ಕೂರ್ಬೇಡಿ,” ಅಂದೆ. “ಇವತ್ತು ಬೇಡ ಅಪ್ಪ. ನನ್ನಿಂದ ನೋಡೋಕಾಗಲ್ಲ.”

ಪಾದ್ರಿಗಳು ಏನೋ ಹೇಳಲು ಬಾಯಿ ತೆರೆದರು. ಅಪ್ಪ ಬೇಡ ಎಂದು ಕೈಯಾಡಿಸಿದರು. ಖಾಲಿ ಕುರ್ಚಿಯನ್ನು ಒಮ್ಮೆ ನೋಡಿ, ಬಂದ ದಾರಿಯಲ್ಲೇ ಬೆಂಚು ಬೆಂಚಿಗೂ ನಿಂತು ಹಿಂದಕ್ಕೆ ಹೋಗಿ ಕೂತರು. ನಾನು ತಿರುಗಿ ನೋಡಲಿಲ್ಲ. ಮನಸ್ಸು ತಣ್ಣಗಾಗಲಿ, ಮುಂದಿನ ಭೋಜನಕ್ಕೆ ನಾನೇ ಕೈಹಿಡಿದು ಕೂರಿಸುತ್ತೇನೆ ಅಂದುಕೊಂಡೆ.

ಮುಂದಿನ ಭೋಜನಕ್ಕೆ ಮೂರು ತಿಂಗಳಿತ್ತು. ಅಪ್ಪ ಅಷ್ಟು ದಿನ ಉಳಿಯಲಿಲ್ಲ.